ಮರಳಿನಡಿಯ ನೀರು ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಉತ್ತರ ಪಿನಾಕಿನಿ ನದಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತದೆ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ ನಮ್ಮ ಜಯಮಂಗಲಿಯೂ ಕೊನೆಗೆ ಅದನ್ನೇ ಸೇರುತ್ತದೆ. ಆ ನದಿ ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಹಾದು ಆಂಧ್ರದ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ನಂದಿಬೆಟ್ಟದ ಸೀಮೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದರು. ಅವರ ಹೆಸರು ಕೇಳಿದರೆ ನಮಗೆ ಕನ್ನಂಬಾಡಿ ಕಟ್ಟೆ ಮಾತ್ರ ನೆನಪಾಗುತ್ತದೆ. ಆದರೆ ಬರದ ಸೀಮೆಯವರಾದ ನಾವು ತಿಳಿಯಬೇಕಾದ ಬೇರೆ ಕೆಲಸಗಳೂ ಅವರ ಬದುಕಿನಲ್ಲಿವೆ.

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿದರು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಕೆಲವು ವರ್ಷಗಳ ನಂತರ ಅವರನ್ನು ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕಳಿಸಿದರು. ಅಲ್ಲಿ ಸಿಂಧೂ ನದಿ ತುಂಬಿ ಹರಿಯುತ್ತಿದ್ದರೂ ನೀರೆಲ್ಲ ಕೆಸರು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಹಣ ಸಾಲದು. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನೀರು ಮರಳಿನ ಸಂದುಗಳಲ್ಲಿ ನಿಧಾನವಾಗಿ ಇಳಿಯುವಾಗ ಕೆಸರು ಮೇಲೇ ಉಳಿಯಿತು, ಬಾವಿಗೆ ತಿಳಿನೀರು ಬಂತು. ಅದನ್ನು ಪಂಪಿನಿಂದ ಎತ್ತಿ ಊರಿಗೆ ಕೊಟ್ಟರು.

ಇದನ್ನು ಓದಿದಾಗ ನನಗೆ ತಲಪರಿಗೆ ನೆನಪಾಯಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಿನವರು ಹೊಳೆ, ಹಳ್ಳ ಮತ್ತು ಕೆರೆಯಂಗಳದ ಮರಳಿನಲ್ಲಿ ಒರತೆ ಕಂಡಲ್ಲಿ ಅಗೆದು, ಕಾಲುವೆ ತೆಗೆದು, ಆ ನೀರನ್ನು ಹೊಲಕ್ಕೆ ಹರಿಸುತ್ತಿದ್ದರು. ಕೆರೆ ಬತ್ತಿದ ಮೇಲೂ ತಲಪರಿಗೆ ಹರಿಯುತ್ತಿತ್ತು. ಏಕೆಂದರೆ ಮರಳಿನಡಿಯ ನೀರಿಗೆ ಬಿಸಿಲು ತಾಗುವುದಿಲ್ಲ, ಅದು ಬೇಗ ಆವಿಯಾಗುವುದಿಲ್ಲ.

ಮುಂದೆ 1899ರಲ್ಲಿ ಅವರು ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದರು. ಎಲ್ಲರೂ ಹೆಚ್ಚು ನೀರು ಬೇಕಾದ ಬೆಳೆ ಇಡುವ ಬದಲು, ಬೆಳೆಗಳನ್ನು ಸರದಿಯಂತೆ ಬದಲಿಸಿ, ಇದ್ದ ನೀರನ್ನು ಹೆಚ್ಚು ಜನಕ್ಕೆ ಹಂಚುವ ಕ್ರಮ ಇದು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದರು. ನೀರು ಒಂದು ಮಟ್ಟ ಮುಟ್ಟಿದಾಗ ಗೇಟು ತಾನೇ ತೆರೆಯುತ್ತಿತ್ತು, ಇಳಿದಾಗ ತಾನೇ ಮುಚ್ಚುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮೇಲಿನ ಪ್ರದೇಶದ ಎಷ್ಟೋ ಸಣ್ಣ ಕೆರೆಗಳು ಒಡೆದದ್ದರಿಂದ ಪ್ರವಾಹ ಇನ್ನೂ ಜೋರಾಗಿತ್ತು. ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಳೆಯ ಲೆಕ್ಕ ನೋಡಿ, ನಗರದ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕೆಂದು ಸಲಹೆ ಕೊಟ್ಟರು. ಅದರಂತೆ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್ ಕಟ್ಟಲಾಯಿತು. ಊರು ಕೊಚ್ಚಿಕೊಂಡು ಹೋದ ನೀರೇ ಊರಿಗೆ ಕುಡಿಯುವ ನೀರಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಮರೆಯಬಾರದ ಮೈಸೂರು ಬ್ಯಾಂಕ್ 1913ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ದಾಟಿ ಬದುಕಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರ ಕೆಲಸವನ್ನು ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದು ನೀರಿನ ಜಮಾ ಖರ್ಚು. ಸಮುದ್ರದಿಂದ, ಕೆರೆಯಿಂದ, ಎಲೆಗಳಿಂದ ನೀರು ಆವಿಯಾಗಿ ಮೋಡವಾಗುತ್ತದೆ, ಮಳೆಯಾಗಿ ವಾಪಸ್ ಬರುತ್ತದೆ. ಮಳೆ ಜಮಾ. ಹರಿದು ಹೋದದ್ದು, ಆವಿಯಾದದ್ದು ಖರ್ಚು. ನೆಲದಲ್ಲಿ ಇಂಗಿದ್ದು ಉಳಿತಾಯ. ನಾವು ಹೊಳೆಯ ಮರಳನ್ನು ಲಾರಿಗೆ ತುಂಬಿ ಕಳಿಸಿದೆವು, ಅಂದರೆ ಉಳಿತಾಯದ ಪೆಟ್ಟಿಗೆಯನ್ನೇ ಮಾರಿದೆವು. ಆಮೇಲೆ ಆಳದ ಬೋರ್‌ವೆಲ್ ಕೊರೆದೆವು. ನೀರಿಗೆ ಮುಟ್ಟಿದ್ದನ್ನು ಕರಗಿಸಿಕೊಳ್ಳುವ ಗುಣ ಇದೆ. ಬಂಡೆಯ ನಡುವೆ ಬಹಳ ಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಪಾವಗಡದ ಹಳ್ಳಿಗಳಲ್ಲಿ ಹಲ್ಲು ಕಂದಾಗಿ, ಮೂಳೆ ಸೊಟ್ಟಗಾದವರನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ.

ಸೆಪ್ಟೆಂಬರ್ 15ರಂದು ಅವರ ಫೋಟೋಗೆ ಹಾರ ಹಾಕುವುದು ಒಳ್ಳೆಯದೇ. ಅದರ ಜೊತೆಗೆ ನಮ್ಮೂರಿನ ತಲಪರಿಗೆ ಎಲ್ಲಿತ್ತು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳೋಣ. ಜಾಗ ತೋರಿಸಬಲ್ಲವರು ಇನ್ನೂ ಇದ್ದಾರೆ.