ಯುರೇನಸ್ ಗ್ರಹ ಅದೃಷ್ಟದಿಂದ ಸಿಕ್ಕಿತೇ? ವಿಲಿಯಂ ಹರ್ಷೆಲ್ ಕಥೆ ಓದಿ

ಸಂಗೀತ ಮೇಷ್ಟ್ರೊಬ್ಬರು ಸುಮ್ಮನೆ ದೂರದರ್ಶಕದಲ್ಲಿ ಇಣುಕಿದರು, ಹೊಸ ಗ್ರಹ ಸಿಕ್ಕಿಬಿಟ್ಟಿತು. ಯುರೇನಸ್ ಬಗ್ಗೆ ಇಂಥ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಮಾತ್ರ ನಿಜ. ಅವರು ಸಂಗೀತ ಮೇಷ್ಟ್ರು ಎಂಬುದು ಸರಿ. ಸುಮ್ಮನೆ ಇಣುಕಿದರು ಎಂಬುದು ತಪ್ಪು.

ವಿಲಿಯಂ ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ತಂದೆ ಸೇನೆಯ ವಾದ್ಯಗಾರ. ಹರ್ಷೆಲ್ 1757ರಲ್ಲಿ ಇಂಗ್ಲೆಂಡಿಗೆ ಬಂದರು. ಬಾತ್ ಪಟ್ಟಣದಲ್ಲಿ ಹಗಲು ಸಂಗೀತ ಪಾಠ, ರಾತ್ರಿ ಆಕಾಶ ನೋಡುವ ಗೀಳು. ಒಳ್ಳೆಯ ದೂರದರ್ಶಕ ಕೊಳ್ಳಲು ಹಣವಿರಲಿಲ್ಲ. ತಾಮ್ರ ಮತ್ತು ತವರ ಕರಗಿಸಿ ಎರಕ ಹೊಯ್ದು, ಕನ್ನಡಿಯನ್ನು ತಾವೇ ಉಜ್ಜಿ ಹೊಳಪು ಕೊಟ್ಟರು. ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ತಂಗಿ ಕ್ಯಾರೋಲಿನ್ ಅವರ ಬಾಯಿಗೆ ತುತ್ತು ಇಡುತ್ತಿದ್ದರು. ಮುಂದೆ ಆಕೆಯೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು.

1781ರ ಮಾರ್ಚ್ 13ರ ರಾತ್ರಿ. ಹರ್ಷೆಲ್ ಎಂದಿನಂತೆ ಒಂದೊಂದೇ ನಕ್ಷತ್ರವನ್ನು ಸಾಲಾಗಿ ಪರೀಕ್ಷಿಸುತ್ತಿದ್ದರು. ಒಂದು ಚುಕ್ಕಿ ಬೇರೆಯಾಗಿ ಕಂಡಿತು. ಹೆಚ್ಚು ದೊಡ್ಡದಾಗಿ ತೋರಿಸುವ ಮಸೂರ ಹಾಕಿದಾಗ ಅದು ಹಿಗ್ಗಿತು, ಪಕ್ಕದ ನಕ್ಷತ್ರಗಳು ಹಾಗೆ ಹಿಗ್ಗಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಜಾಗ ಬದಲಿಸಿತ್ತು! ಧೂಮಕೇತು ಇರಬೇಕೆಂದು ಅವರು ವರದಿ ಮಾಡಿದರು. ಲೆಕ್ಸೆಲ್ ಮೊದಲಾದ ಗಣಿತಜ್ಞರು ಅದರ ಹಾದಿಯನ್ನು ಲೆಕ್ಕ ಹಾಕಿದಾಗ, ಶನಿಯಿಂದಾಚೆ ಸೂರ್ಯನನ್ನು ಸುತ್ತುವ ಗ್ರಹ ಎಂದು ತಿಳಿಯಿತು.

ಇದೇ ಚುಕ್ಕಿಯನ್ನು 1690ರಲ್ಲೇ ಫ್ಲ್ಯಾಮ್‌ಸ್ಟೀಡ್ ನೋಡಿದ್ದರು, ನಕ್ಷತ್ರ ಎಂದು ಬರೆದುಕೊಂಡಿದ್ದರು. ಕಣ್ಣಿಗೆ ಬಿದ್ದರೆ ಸಾಲದು, ಅನುಮಾನ ಬಂದು ಮತ್ತೆ ನೋಡಬೇಕು. ವ್ಯತ್ಯಾಸ ಇರುವುದು ಅಲ್ಲೇ.

ಇಂಗ್ಲೆಂಡಿನ ದೊರೆ ಹರ್ಷೆಲ್‌ಗೆ ವರ್ಷಕ್ಕೆ 200 ಪೌಂಡ್ ಸಂಬಳ ಕೊಟ್ಟರು. ಸಂಗೀತ ಪಾಠ ನಿಂತಿತು, ಆಕಾಶವೇ ಕಸುಬಾಯಿತು. 1800ರಲ್ಲಿ ಅವರು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಪತ್ತೆ ಮಾಡಿದರು. 1822ರಲ್ಲಿ ತೀರಿಕೊಂಡಾಗ ಅವರಿಗೆ 83 ವರ್ಷ. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಬೇಕು.

ಯುರೇನಸ್‌ಗೆ ಉಂಗುರಗಳಿವೆ ಎಂಬುದು ತಿಳಿದದ್ದು 1977ರ ಮಾರ್ಚ್ 10ರಂದು, ಅದು ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ. ಆ ರಾತ್ರಿ ಅದನ್ನು ಗಮನಿಸಿದವರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದ ನಮ್ಮ ವಿಜ್ಞಾನಿಗಳೂ ಇದ್ದರು.

ಶಾಲೆಯಲ್ಲಿ ಮಾಡಿ ನೋಡಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳು ಮಾರ್ಚ್ 13ನ್ನು ಹೀಗೆ ಆಚರಿಸಬಹುದು. ಖರ್ಚಿಲ್ಲ.

1. ಮೈದಾನದಲ್ಲಿ ಒಬ್ಬ ವಿದ್ಯಾರ್ಥಿ ಸೂರ್ಯನಾಗಿ ನಿಲ್ಲಲಿ. ಒಂದು ಹೆಜ್ಜೆಗೆ ಭೂಮಿ, ಒಂಬತ್ತೂವರೆ ಹೆಜ್ಜೆಗೆ ಶನಿ, ಹತ್ತೊಂಬತ್ತು ಹೆಜ್ಜೆಗೆ ಯುರೇನಸ್. ನಮಗೆ ಗೊತ್ತಿದ್ದ ಸೌರಮಂಡಲ ಒಂದೇ ಸಲಕ್ಕೆ ಎರಡರಷ್ಟು ದೊಡ್ಡದಾದದ್ದು ಮಕ್ಕಳಿಗೆ ನಡೆದೇ ತಿಳಿಯುತ್ತದೆ.

2. ಮಂಗಳ ಕಾಣುವ ದಿನಗಳಲ್ಲಿ, ಸುತ್ತಲಿನ ನಕ್ಷತ್ರಗಳ ಜೊತೆ ಅದರ ಜಾಗವನ್ನು ಹಾಳೆಯ ಮೇಲೆ ಗುರುತಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಗುರುತಿಸಿ. ಸರಿದದ್ದು ಯಾವುದು? ಹರ್ಷೆಲ್ ಕೇಳಿಕೊಂಡದ್ದೂ ಇದೇ ಪ್ರಶ್ನೆ.