ಹತ್ತಿಯ ದೊರೆ ಪ್ರೇಮಚಂದ್ ರಾಯಚಂದ್

ಪ್ರೇಮಚಂದ್ ರಾಯಚಂದರು 1831ರಲ್ಲಿ ಸೂರತ್ತಿನ ಜೈನ ವರ್ತಕ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯೊಡನೆ ಮುಂಬಯಿಗೆ ಬಂದು, ಇಲ್ಲಿ ಇಂಗ್ಲಿಷ್ ಕಲಿತು, ಇಪ್ಪತ್ತರ ಆಸುಪಾಸಿನಲ್ಲಿ ದಲ್ಲಾಳಿ ವೃತ್ತಿಯನ್ನು ಕೈಗೊಂಡರು. ದೇಶೀಯ ದಲ್ಲಾಳಿಗಳಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲವರು ಇವರೇ ಮೊದಲಿಗರೆಂದು ಪ್ರತೀತಿಯುಂಟು.

1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧವು ಮೊದಲಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಬಿಟ್ಟಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಎಲ್ಲರ ಕಣ್ಣೂ ಭಾರತದ ಹತ್ತಿಯ ಮೇಲೆ ಬಿದ್ದಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆಗ ಬೇಡಿಕೆ ಬಂದುದನ್ನು ಇಲ್ಲಿ ನೆನೆಯಬೇಕು. ಅದನ್ನು ಕಾರವಾರದಲ್ಲಿ ಹಡಗಿಗೇರಿಸಬೇಕೆಂಬ ಹವಣಿಕೆಯಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಮುಂಬಯಿಯಲ್ಲಿ ಜನರು ಹಾಸಿಗೆ ದಿಂಬುಗಳನ್ನು ಹರಿದು ಹತ್ತಿ ಮಾರಿದರೆಂದು ಹೇಳುತ್ತಾರೆ. ಯುದ್ಧದ ವರ್ಷಗಳಲ್ಲಿ ಈ ಪಟ್ಟಣಕ್ಕೆ 8 ಕೋಟಿ ಪೌಂಡುಗಳಷ್ಟು ಹೆಚ್ಚುವರಿ ಹಣ ಹರಿದುಬಂದಿತೆಂದು ಅಂದಿನವರ ಲೆಕ್ಕ.

ಇಷ್ಟು ಹಣವನ್ನು ಎಲ್ಲಿ ತೊಡಗಿಸುವುದು? ದಿನಕ್ಕೊಂದು ಕಂಪನಿ ಹುಟ್ಟಿತು. 1865ರ ಆರಂಭಕ್ಕೆ ಪಟ್ಟಣದಲ್ಲಿ 31 ಬ್ಯಾಂಕುಗಳೂ 16 ಲೇವಾದೇವಿ ಸಂಘಗಳೂ 8 ಭೂಮಿ ಕಂಪನಿಗಳೂ ಇದ್ದುವು. ಇವುಗಳಲ್ಲಿ ಹೆಸರಾದುದು ಸಮುದ್ರವನ್ನು ತುಂಬಿ ನೆಲ ಮಾಡಹೊರಟ ಬ್ಯಾಕ್ ಬೇ ಕಂಪನಿ. ಅದರ 5,000 ರೂಪಾಯಿಯ ಷೇರು 50,000ದವರೆಗೆ ಏರಿತು. ಆ ಭೂಮಿ ಇನ್ನೂ ನೀರಿನಡಿಯಲ್ಲಿಯೇ ಇತ್ತು! ಕೊಂಡವರಿಗೆ ಅದರ ಚಿಂತೆಯಿರಲಿಲ್ಲ. ನಾಳೆ ಇನ್ನೊಬ್ಬನು ಹೆಚ್ಚು ಬೆಲೆಗೆ ಕೊಳ್ಳುವನೆಂಬ ನಂಬಿಕೆಯೊಂದೇ ಸಾಕಾಗಿತ್ತು. ಷೇರನ್ನು ಒತ್ತೆಯಿಟ್ಟು ಸಾಲ ತರುವುದು, ಆ ಸಾಲದಿಂದ ಮತ್ತೆ ಷೇರು ಕೊಳ್ಳುವುದು, ಹೀಗೆ ನಡೆಯಿತು. ಗುಮಾಸ್ತರೂ ವಕೀಲರೂ ಅಧಿಕಾರಿಗಳೂ ಇದಕ್ಕೆ ಹೊರತಾಗಲಿಲ್ಲ.

ಈ ಗುಂಪಿನ ನಡುವೆ ಪ್ರೇಮಚಂದರು ದೊರೆಯಂತೆ ಇದ್ದರು. ಯಾವ ಕಂಪನಿಯ ಹಿಂದೆ ಅವರ ಹೆಸರಿದೆಯೋ ಅದರ ಷೇರಿಗೆ ನೂಕುನುಗ್ಗಲು. ಅವರ ಕೈಬರಹದ ಚೀಟಿ ಇದ್ದರೆ ಬ್ಯಾಂಕ್ ಆಫ್ ಬಾಂಬೆಯಲ್ಲಿ ಸಾಲ ದೊರೆಯುತ್ತಿತ್ತೆನ್ನುತ್ತಾರೆ. ಕಂಪನಿಯ ಲೆಕ್ಕಪತ್ರಗಳನ್ನು ಯಾರು ನೋಡಿದರು? ಜನರು ನಂಬಿದ್ದು ವ್ಯವಹಾರವನ್ನಲ್ಲ, ಒಬ್ಬ ಮನುಷ್ಯನನ್ನು.

1865ರ ವಸಂತದಲ್ಲಿ ಅಮೆರಿಕದ ಯುದ್ಧವು ಮುಗಿಯಿತು. ಸುದ್ದಿ ಬಂದೊಡನೆ ಹತ್ತಿಯ ಬೆಲೆ ಕುಸಿಯಿತು, ಅದರೊಡನೆ ಷೇರುಗಳೂ ಕುಸಿದುವು. ಲೆಕ್ಕವಿಲ್ಲದಷ್ಟು ವಾಯಿದೆ ವ್ಯಾಪಾರಗಳ ಹಣ ತೀರಿಸಬೇಕಾಗಿದ್ದುದು ಜುಲೈ 1ರಂದು. ಆ ದಿನ ಕೊಡುವವರಾರೂ ಇರಲಿಲ್ಲ. ಎಲ್ಲರೂ ಪಡೆಯಬೇಕಾದವರೇ, ಎಲ್ಲರೂ ಸಾಲಗಾರರೇ. ಒಮ್ಮೆ 2,850 ರೂಪಾಯಿಗೇರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು. ಸರಕಾರವೇ ಪಾಲುದಾರನಾಗಿದ್ದ ಆ ಬ್ಯಾಂಕು 1868ರಲ್ಲಿ ಮುಚ್ಚಿತು. ಪ್ರೇಮಚಂದರೂ ದಿವಾಳಿಯಾದರು.

ಅವರು ಜನರನ್ನು ವಂಚಿಸಿದರೆ? ನಾವು ಹಾಗೆ ತಿಳಿಯುವುದಿಲ್ಲ. ವಂಚಕನು ತನ್ನ ಹಣವನ್ನು ಮೊದಲು ಬಚ್ಚಿಡುತ್ತಾನೆ, ಇವರ ಹಣವೂ ಅದೇ ಪ್ರವಾಹದಲ್ಲಿ ಹೋಯಿತು. ಹಾಗೆಂದು ಅವರನ್ನು ನಿರ್ದೋಷಿಯೆನ್ನಲೂ ನಾವು ಸಿದ್ಧರಿಲ್ಲ. ಸಾವಿರಾರು ಜನರು ತಮ್ಮ ಹೆಸರಿನ ಮೇಲೆ ಭಾರ ಹಾಕಿರುವರೆಂದು ತಿಳಿದವರು ಎಲ್ಲಿಯಾದರೂ ನಿಲ್ಲಬೇಕಾಗಿತ್ತು. ಹೊಗಳಿಕೆಯ ನಡುವೆ ನಿಲ್ಲುವುದು ಅಷ್ಟು ಸುಲಭವಲ್ಲವೆಂಬುದೂ ನಿಜ.

ಮುಂದೆ ಅವರು ಮತ್ತೆ ವ್ಯಾಪಾರಕ್ಕಿಳಿದು ಮೆಲ್ಲಮೆಲ್ಲನೆ ಚೇತರಿಸಿಕೊಂಡರು. 1875ರಲ್ಲಿ ದೇಶೀಯ ಷೇರು ದಲ್ಲಾಳಿಗಳ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಇಂದಿನ ಮುಂಬಯಿ ಷೇರುಪೇಟೆ ಆ ಸಂಘದಿಂದಲೇ ಬೆಳೆದುದು.

ಏಳಿಗೆಯ ದಿನಗಳಲ್ಲಿ, 1864ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯಕ್ಕೆಂದು 2 ಲಕ್ಷ, ಗಡಿಯಾರದ ಗೋಪುರಕ್ಕೆಂದು 2 ಲಕ್ಷ ರೂಪಾಯಿ ಕೊಟ್ಟಿದ್ದರು. ಕುಸಿತಕ್ಕೆ ಮೊದಲೇ ಕೈಬಿಟ್ಟ ಆ ಹಣ ಉಳಿಯಿತು. 1869ರಲ್ಲಿ ಅಸ್ತಿಭಾರ ಬೀಳುವ ವೇಳೆಗೆ ದಾನಿ ದಿವಾಳಿಯಾಗಿದ್ದರು. 1878ರಲ್ಲಿ 280 ಅಡಿಯ ಗೋಪುರ ಪೂರ್ಣವಾಯಿತು. ಆ ಬಳಿಕ 28 ವರ್ಷ, 1906ರಲ್ಲಿ ತೀರಿಕೊಳ್ಳುವವರೆಗೂ, ಅವರು ಆ ಗೋಪುರವಿರುವ ಪಟ್ಟಣದಲ್ಲಿ ಬಾಳಿದರು. ಅದಕ್ಕೆ ಅವರು ತಮ್ಮ ಹೆಸರನ್ನು ಇಡಿಸಿರಲಿಲ್ಲ. ತಾಯಿ ರಾಜಾಬಾಯಿಯ ಹೆಸರನ್ನು ಇಡಿಸಿದ್ದರು.