ಗುಂಡಿನ ಲೆಕ್ಕ ಬರೆದಿಟ್ಟ ರಾಬಿನ್ಸ್

ಬ್ಯಾಲಿಸ್ಟಿಕ್ ಪೆಂಡುಲಮ್ ಪ್ರಾಬ್ಲಮ್ ನಾವೆಲ್ಲ ಮಾಡಿದ್ದೀವಿ. ಅದನ್ನು ಕಟ್ಟಿದ ಬೆಂಜಮಿನ್ ರಾಬಿನ್ಸ್ 1707ರಲ್ಲಿ ಇಂಗ್ಲೆಂಡಿನ ಬಾತ್ ಊರಲ್ಲಿ ಹುಟ್ಟಿದವರು. ಯುದ್ಧವೇ ಬೇಡ ಅನ್ನೋ ಕ್ವೇಕರ್ ಮನೆಯ ಹುಡುಗ ಬಂದೂಕಿನ ಲೆಕ್ಕಕ್ಕೆ ಇಳಿದಿದ್ದು ನಮಗಂತೂ ತಮಾಷೆ ಅನ್ನಿಸ್ತು.

ಗುಂಡಿಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ ಅಂತ ಆಗ ಬಹಳ ಜನ ನಂಬಿದ್ದರು. ರಾಬಿನ್ಸ್ ನಂಬಲಿಲ್ಲ, ಅಳೆದರು. ಮದ್ದು ಎಷ್ಟು, ಗುಂಡಿನ ತೂಕ ಎಷ್ಟು, ನಳಿಗೆ ಎಷ್ಟು ಉದ್ದ, ಪೆಂಡುಲಮ್ ರಿಬ್ಬನ್ನನ್ನು ಎಷ್ಟು ಇಂಚು ಎಳೀತು, ಎಲ್ಲ ಬರೆದಿಟ್ಟರು. ಗುಂಡು ಮರದಲ್ಲೇ ಉಳಿದರೆ ಮುಂದಿನ ಸಲಕ್ಕೆ ಪೆಂಡುಲಮ್ಮಿನ ತೂಕವೇ ಬೇರೆ. ಅದನ್ನ ಬರೀದಿದ್ರೆ ಉತ್ತರ ಢಮಾರ್. ಪೌಂಡಿನ ಹನ್ನೆರಡರಲ್ಲಿ ಒಂದು ಭಾಗದ ಗುಂಡು, 56 ಪೌಂಡ್ ದಾಟಿದ ಪೆಂಡುಲಮ್, ಸಿಕ್ಕಿದ್ದು ಸೆಕೆಂಡಿಗೆ ಸುಮಾರು 1,640 ಅಡಿ ವೇಗ! ಗಾಳಿಯ ತಡೆಯೂ ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಅಂತ ಇಂಥ ಅಳತೆಗಳಿಂದಲೇ ಗೊತ್ತಾಯ್ತು. 1742ರಲ್ಲಿ ಪುಸ್ತಕ ಬಂತು. 1745ರಲ್ಲಿ ಆಯ್ಲರ್ ಅಂಥವರೇ ಅದನ್ನು ಜರ್ಮನ್‌ಗೆ ಅನುವಾದಿಸಿ, ಉದ್ದುದ್ದ ಟಿಪ್ಪಣಿ ಸೇರಿಸಿದರು.

ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ, ಕೋಟೆಗಳನ್ನು ಸರಿಪಡಿಸೋಕೆ ದಕ್ಷಿಣ ಭಾರತಕ್ಕೇ ಬಂದರು. 1751ರ ಜುಲೈನಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು.